ಬಿಚ್ಚುವ ಹೊತ್ತು

ಕಟ್ಟುವುದು ಕಷ್ಟವೋ ಬಿಚ್ಚುವುದು ಕಷ್ಟವೋ ಎಂದು ಯಾರಾದರೂ ಕೇಳಿದರೆ ನಾವು ಹೆಚ್ಚು ಯೋಚಿಸದೆ ಕಟ್ಟುವುದೇ ಕಷ್ಟ ಎಂದುಬಿಡುತ್ತೇವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಬೇರೆ ನಮ್ಮ ಬೆನ್ನಿಗಿದೆ. ಬಿಚ್ಚಿ ನೋಡು ಎಂದು ಯಾವ ಗಾದೆಯೂ ಹೇಳಿದಂತಿಲ್ಲ. ಆದರೆ ಹದಿನೈದು ದಿನ ಕುಳಿತು ಹೆಣೆದ ಸ್ವೆಟರಿನ ತೋಳು ಗಿಡ್ಡವಾಯಿತೆಂದು ತಿಳಿದು, ಒಂದೊಂದೇ ಸಾಲು ಬಿಚ್ಚುತ್ತ ಉಣ್ಣೆಯನ್ನು ಮತ್ತೆ ಉಂಡೆ ಸುತ್ತಿದ ಕೈಗಳನ್ನು ಕೇಳಿ ನೋಡಿ. ಕಟ್ಟುವಾಗ ಮುಂದೊಂದು ಆಸೆ ಇರುತ್ತದೆ, ಅದೇ ಕೈಯನ್ನು ನಡೆಸುತ್ತದೆ. ಬಿಚ್ಚುವಾಗ ಮನಸ್ಸೇ ಕೈಯನ್ನು ನೂಕಬೇಕು. ಹೊಲಿಗೆ, ಹೆಣಿಗೆ, ರಂಗೋಲಿ, ಅಡುಗೆ ಎಂದು ದಿನ ಕಳೆಯುವ ಹೆಣ್ಣುಮಕ್ಕಳಿಗೆ ಈ ಸಂಗತಿ ಹೊಸದೇನಲ್ಲ. ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಗೆ ಇರುವುದಿಲ್ಲ. ಮಧ್ಯಾಹ್ನ ಬಡಿದ ರೊಟ್ಟಿ ರಾತ್ರಿಗೆ ಇರುವುದಿಲ್ಲ. ಹಾಗೆಂದು ನಾವು ಅಳುತ್ತ ಕೂರುವುದೂ ಇಲ್ಲ.

ಇತ್ತೀಚೆಗೆ ಈ ವಿಷಯ ನನ್ನನ್ನು ಕಾಡಲು ಕಾರಣವಾದದ್ದು ಮಕ್ಕಳ ಆಟದ ಇಟ್ಟಿಗೆಗಳು. ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಪುಟ್ಟ ಇಟ್ಟಿಗೆಗಳನ್ನು ನೀವೂ ನೋಡಿರುತ್ತೀರಿ. ಒಂದರ ತಲೆಯ ಮೇಲಿನ ಗುಂಡಿಯಂಥ ಉಬ್ಬುಗಳು ಇನ್ನೊಂದರ ಹೊಟ್ಟೆಯೊಳಗೆ ಕಚ್ಚಿಕೊಂಡು ಕೂರುತ್ತವೆ. ಗೋಂದು ಬೇಡ, ಮೊಳೆ ಬೇಡ. ಬೇಡವಾದಾಗ ಎಳೆದರೆ ಬಿಟ್ಟುಕೊಳ್ಳುತ್ತವೆ. ರಾತ್ರಿ ಕತ್ತಲಲ್ಲಿ ನೀರು ಕುಡಿಯಲೆಂದು ಎದ್ದು ಒಂದರ ಮೇಲೆ ಬರಿಗಾಲಿಟ್ಟವರಿಗೆ ಅವುಗಳ ಗಟ್ಟಿತನದ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ! ಇಂಥ ಆಟಿಕೆಗೆ ಜಗತ್ತಿನಲ್ಲೆಲ್ಲ ಹೆಸರು ತಂದದ್ದು ಲೆಗೊ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. 'ಚೆನ್ನಾಗಿ ಆಡು' ಎಂಬರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ ಆ ಹೆಸರಿಟ್ಟರು. ಇಂದಿನ ರೂಪದ ಇಟ್ಟಿಗೆಗೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷ ಮಾಡಿದ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ಸರಿಯಾಗಿ ಕೂರುತ್ತದೆಯಂತೆ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟು ಎರಡು ವರ್ಷದ ಮೇಲೆ ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದನ್ನು ನೆನೆದರೆ ಇದು ದೊಡ್ಡ ಮಾತೇ. ಎಂಟು ಉಬ್ಬಿನ, ಒಂದೇ ಬಣ್ಣದ ಆರೇ ಆರು ಇಟ್ಟಿಗೆಗಳನ್ನು 91 ಕೋಟಿ 51 ಲಕ್ಷ 3 ಸಾವಿರದ 765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತ ಬಲ್ಲವರು ಲೆಕ್ಕ ಹಾಕಿದ್ದಾರೆ.

ಇಟ್ಟಿಗೆಯಿಂದ ಮನೆ ಕಟ್ಟುವುದು ಸರಿ. ಇದಕ್ಕೆ ಅಚ್ಚು, ಗಾಲಿ, ಹಲ್ಲಿನ ಗಾಲಿಗಳೂ ಬಂದ ಮೇಲೆ ಮಕ್ಕಳೂ ದೊಡ್ಡವರೂ ಯಂತ್ರಗಳನ್ನೇ ಕಟ್ಟತೊಡಗಿದರು. ಮುಂದೆ ಗೂಗಲ್ ಸಂಸ್ಥೆಯನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬನಾದ ಲ್ಯಾರಿ ಪೇಜ್ ಮಿಷಿಗನ್ನಿನಲ್ಲಿ ಕಾಲೇಜು ಓದುವಾಗ ಇಂಥ ಇಟ್ಟಿಗೆಗಳಿಂದ ಮುದ್ರಣಯಂತ್ರವೊಂದನ್ನು ಕಟ್ಟಿದ್ದ. 1998ರಲ್ಲಿ ಇಟ್ಟಿಗೆಗಳ ಜೊತೆ ಪುಟ್ಟ ಕಂಪ್ಯೂಟರೂ ಇರುವ ಪೆಟ್ಟಿಗೆ ಬಂತು, 2022ರ ಕೊನೆಯವರೆಗೂ ಮಾರಾಟವಾಯಿತು. ಅದಕ್ಕೆ ಹೆಸರು ಬಂದದ್ದು ಸಿಮೋರ್ ಪ್ಯಾಪರ್ಟ್ ಎಂಬ ಶಿಕ್ಷಣ ಚಿಂತಕನ 1980ರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಿಂದ. ತಾನು ಚಿಕ್ಕವನಿದ್ದಾಗ ಹಲ್ಲಿನ ಗಾಲಿಗಳನ್ನು ಪ್ರೀತಿಸಿದ್ದೆ, ಗಣಿತ ತನಗೆ ಒಲಿದದ್ದು ಅವುಗಳ ಮೂಲಕ ಎಂದು ಆತ ಅದರ ಮೊದಲಲ್ಲೇ ಬರೆದುಕೊಂಡಿದ್ದಾನೆ. ಕಲಿಕೆಯ ಮಾತಿನಲ್ಲಿ ಪ್ರೀತಿ ಎಂಬ ಶಬ್ದ ಬಂದದ್ದು ನನಗೆ ಹಿಡಿಸಿತು.

2014ರ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಶುಭಂ ಬ್ಯಾನರ್ಜಿ ಎಂಬ ಏಳನೆಯ ತರಗತಿಯ ಹುಡುಗ ಅಂಥದೇ ಪೆಟ್ಟಿಗೆಯಿಂದ ಬ್ರೈಲ್ ಮುದ್ರಣಯಂತ್ರ ಕಟ್ಟಿದ. ಕಣ್ಣಿಲ್ಲದವರು ಹೇಗೆ ಓದುತ್ತಾರೆ ಎಂಬ ಪ್ರಶ್ನೆ ಅವನಿಗೆ ಹತ್ತಿತ್ತು. ಅಂಗಡಿಯ ಬ್ರೈಲ್ ಯಂತ್ರಕ್ಕೆ ಸುಮಾರು 2000 ಡಾಲರ್ ಬೆಲೆ ಎಂದು ತಿಳಿಯಿತು. ಇವನ ಪೆಟ್ಟಿಗೆಗೆ ಬಿದ್ದದ್ದು 350 ಡಾಲರ್, ಮೇಲೆ ಹಾರ್ಡ್‌ವೇರ್ ಅಂಗಡಿಯ ಕೆಲವು ಚಿಲ್ಲರೆ ಸಾಮಾನು. ಮನೆಯ ಅಡುಗೆಮನೆಯ ಮೇಜಿನ ಮೇಲೆ ಕಟ್ಟಿ, ಸರಿಹೋಗದೆ ಬಿಚ್ಚಿ, ಮತ್ತೆ ಕಟ್ಟಿ ಮಾಡಿದ. ಕೊನೆಗೆ ಸರಿಹೋದ ಮೇಲೆ ಅದನ್ನು ಕಟ್ಟುವ ಬಗೆಯನ್ನು ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲಿ ಎಂದು ಬಹಿರಂಗವಾಗಿಟ್ಟ. ಮುಂದೆ ಕಂಪನಿ, ಬಂಡವಾಳ ಎಲ್ಲ ಬಂದವು. ಅದು ಬೇರೆ ಕಥೆ. ನನಗೆ ನೆನಪಿನಲ್ಲಿ ಉಳಿದದ್ದು ಆ ಅಡುಗೆಮನೆಯ ಮೇಜು. ಅಡುಗೆಗೆ ಹೊತ್ತಾಯಿತು, ಎತ್ತಿಡು ಎಂದು ಎಷ್ಟು ಸಲ ಅವನಿಗೆ ಹೇಳಿದ್ದರೋ, ಎಷ್ಟು ಸಲ ಹೇಳದೆ ತಡೆದುಕೊಂಡಿದ್ದರೋ!

ಈ ಆಟಿಕೆಗೆ ಒಂದು ನಿಯಮ ಅಂಟಿಕೊಂಡೇ ಬಂದಿದೆ. ಪೆಟ್ಟಿಗೆ ಒಂದೇ, ಬಿಡಿಭಾಗಗಳು ಎಣಿಸಿ ಇಟ್ಟಷ್ಟೇ. ಹೊಸದನ್ನು ಕಟ್ಟಬೇಕಾದರೆ ಇದ್ದದ್ದನ್ನು ಬಿಚ್ಚಬೇಕು. ಮಣ್ಣಿನ ಬೊಂಬೆ ಮಾಡಿದವನಿಗೆ ಇನ್ನೊಂದು ಮುದ್ದೆ ಮಣ್ಣು ಸಿಗುತ್ತದೆ, ಇಲ್ಲಿ ಹಾಗಿಲ್ಲ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನಿಟ್ಟುಕೊಂಡು ಶರಣರು 12ನೆಯ ಶತಮಾನದಲ್ಲೇ ಯೋಚಿಸಿದ ನಾಡಿನವರಾದ ನಮಗೆ ಈ ನಿಯಮ ಮೆಚ್ಚುಗೆಯಾಗಬೇಕು. ಕಟ್ಟಿದ್ದಕ್ಕೆ ಅಂಟಿಕೊಳ್ಳಬೇಡ, ಕಟ್ಟುವ ಕೈ ಇದ್ದರೆ ಸಾಕು ಎಂದು ಮಗುವಿಗೆ ಬೇರೆ ಪಾಠವೇ ಬೇಡವಲ್ಲ! ನಾನೂ ಮೊದಲು ಹೀಗೆಯೇ ಮೆಚ್ಚಿಕೊಂಡೆ. ಮೆಚ್ಚುಗೆಯೊಳಗೆ ಒಂದು ಮುಳ್ಳಿದೆ ಎಂದು ಕಂಡದ್ದು ಆಮೇಲೆ.

ಹಾಗೆ ನೋಡಿದರೆ ನಮ್ಮ ಕಡೆಯ ಮಕ್ಕಳಿಗೆ ಜೋಡಿಸಿ ಬಿಚ್ಚುವ ಆಟ ಡೆನ್ಮಾರ್ಕಿನಿಂದ ಬರಬೇಕಾಗಿರಲಿಲ್ಲ. ಸುಗ್ಗಿ ಮುಗಿದು ಬಣವಿ ಒಟ್ಟಿದ ಮೇಲೆ ಜೋಳದ ದಂಟಿನಿಂದ ಚಕ್ಕಡಿ ಮಾಡುತ್ತಿದ್ದುದು ಬೈಲಹೊಂಗಲ, ಸವದತ್ತಿ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಗೊತ್ತು. ದಂಟಿನ ಸಿಪ್ಪೆ ಸೀಳಿ ತೆಗೆದರೆ ಒಳಗೆ ಬಿಳಿ ಬೆಂಡು. ಬೆಂಡೇ ಇಟ್ಟಿಗೆ, ಜಾಲಿಯ ಮುಳ್ಳೇ ಮೊಳೆ. ನೊಗ, ಮೂಕಿ, ಗಾಲಿ ಎಲ್ಲ ಆಗುತ್ತಿತ್ತು. ಜಾಣರಾದವರು ಬೀಸುಕಲ್ಲನ್ನೂ ಮಾಡುತ್ತಿದ್ದರು. ಆಡಿ ಸಾಕಾದರೆ ಮುಳ್ಳು ಕಿತ್ತು ದಂಟನ್ನು ಗ್ವಾದಲಿಗೆ ಹಾಕಿದರಾಯಿತು; ಚಕ್ಕಡಿಯನ್ನು ಎತ್ತೇ ತಿಂದುಬಿಡುತ್ತಿತ್ತು. ಅರವಿಂದ ಗುಪ್ತಾ ಎಂಬ ಎಂಜಿನಿಯರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಎಷ್ಟೋ ಮಕ್ಕಳಿಗೆ ರೇಖಾಗಣಿತ ಕಲಿಸಿದ್ದಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೂ ಈ ಕುಲದ್ದೇ.

ಇನ್ನು ಮಣ್ಣೆತ್ತಿನ ಅಮಾವಾಸ್ಯೆಯ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಾಡಿ ಕೂರಿಸುವ ಗುಳ್ಳವ್ವ. ಕೈಯಾರೆ ಮಾಡಿದ್ದು, ಕುಸುಬಿ, ಗುಲಗಂಜಿ ಚುಚ್ಚಿ ಸಿಂಗರಿಸಿದ್ದು ಕೊನೆಗೆ ಹೋಗಿ ನೀರು ಸೇರುತ್ತದೆ. ಆದರೆ ಒಂದನ್ನು ಗಮನಿಸಿ. ಗುಳ್ಳವ್ವನನ್ನು ಕಳಿಸುವುದಕ್ಕೆ ಗೊತ್ತಾದ ಹೊತ್ತಿದೆ. ಅದಕ್ಕೆ ಮೊದಲು ಯಾರೂ ಆಕೆಯನ್ನು ಮುಟ್ಟುವುದಿಲ್ಲ. ಕಳಿಸುವವರೂ ಮಾಡಿದ ಹುಡುಗಿಯರೇ. ಆರತಿ ಎತ್ತಿ, ಹಾಡು ಹೇಳಿ, ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಹಿರಿಯರು ಬಿಚ್ಚುವುದಕ್ಕೂ ಒಂದು ಮುಹೂರ್ತ ಇಟ್ಟಿದ್ದರು. 'ತಮ್ಮಗ ಮಣ್ಣು ಬೇಕಾಗೇತಿ, ನಿನ್ನ ಗುಳ್ಳವ್ವನ್ನ ಕಲಸಿ ಕೊಡು' ಎಂದು ಹೇಳಿದ ತಾಯಿಯನ್ನು ನಾನು ಕಂಡಿಲ್ಲ.

ಪ್ಲಾಸ್ಟಿಕ್ ಇಟ್ಟಿಗೆಯ ವಿಷಯದಲ್ಲಿ ಕಂಡೆ. ಬೈಲಹೊಂಗಲದ ನಮ್ಮ ಓಣಿಯಲ್ಲೇ ಒಂದು ಮನೆ. ಆರನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ, ತಾಯಿ ತಂದೆ, ಆಯಿ. ಮಗನ ಹುಟ್ಟಿದ ಹಬ್ಬಕ್ಕೆ ಸೋದರಮಾವ ಬೆಳಗಾವಿಯಿಂದ ಇಟ್ಟಿಗೆಗಳ ಪೆಟ್ಟಿಗೆ ತಂದಿದ್ದ. ಮಗಳ ಹುಟ್ಟಿದ ಹಬ್ಬಕ್ಕೆ ಅದೇ ಸೋದರಮಾವ ಫ್ರಾಕು ತಂದಿದ್ದನೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಅಲ್ಲಿಂದಲೇ ಶುರು. ಹುಡುಗ ನಾಲ್ಕು ದಿನ ಕಾರು ಕಟ್ಟಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ. ಹುಡುಗಿ ಅದನ್ನು ಹೊರಗೆಳೆದಳು.

ಆಯಿ ಕಾರ್ತಿಕಕ್ಕೆಂದು ಬತ್ತಿ ಹೊಸೆಯಲು ಕುಳಿತಿದ್ದರು. ಅಂಗಡಿಯ ಅರಳೆ ಅವರಿಗೆ ಆಗಿಬರುವುದಿಲ್ಲ. ಹೊಲದ ಹತ್ತಿಯನ್ನೇ ಒಂದು ಚೀಲ ತೆಗೆದಿರಿಸಿ, ಕಾಳು ಬಿಡಿಸಿ ಬತ್ತಿ ಮಾಡಬೇಕು. ಬೆರಳ ತುದಿಯಿಂದ ಒಂದೊಂದೇ ಕಾಳು ಬಿಡಿಸುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ನಮ್ಮ ಜಯಧರ ಹತ್ತಿಯಂತೂ ಕಾಳನ್ನು ಬಿಡಲೊಲ್ಲದು. ಹಿಂದೆ ಈ ಸೀಮೆಯಲ್ಲಿ ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಹೆಂಗಸರೇ ಮಾಡುತ್ತಿದ್ದ ಕೆಲಸ ಅದು. ಎರಡು ಉರುಳೆಗಳ ನಡುವೆ ಹತ್ತಿಯನ್ನು ಕೊಟ್ಟು ಹಿಡಿಕೆ ತಿರುಗಿಸುವ ಮರದ ಯಂತ್ರವೂ ನಮ್ಮ ದೇಶದ್ದೇ, ಬಹಳ ಹಳೆಯದು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ಬಂತು, ಅದರ ಹಿಂದೆ ಗರಗಸದ ಹಲ್ಲಿನ ಯಂತ್ರಗಳು ಬಂದವು, ಆಮೇಲೆ ಗಿರಣಿಗಳು. ಕಲ್ಲು, ಸಲಾಕೆಗಳು ಅಟ್ಟ ಸೇರಿದವು.

ಹುಡುಗಿಗೆ ಈ ಚರಿತ್ರೆ ಏನೂ ಗೊತ್ತಿರಲಿಲ್ಲ. ಆಯಿಯ ಬೆರಳು ನೋಯುವುದು ಗೊತ್ತಿತ್ತು. ಎರಡು ಅಚ್ಚುಗಳನ್ನು ಒಂದರ ಮೇಲೊಂದು ಕೂರಿಸಿದಳು. ಹತ್ತಿ ಜಾರಬಾರದೆಂದು ಸೈಕಲ್ ಟ್ಯೂಬಿನ ತುಂಡು ಸುತ್ತಿದಳು. ಪೆಟ್ಟಿಗೆಯಲ್ಲಿ ಹಲ್ಲಿನ ಗಾಲಿಗಳಿದ್ದದ್ದು ಮೂರೇ. ಮೂರನ್ನೂ ಸಾಲಾಗಿ ಹಚ್ಚಿದಾಗ ಎರಡು ಅಚ್ಚುಗಳೂ ಒಂದೇ ಕಡೆ ತಿರುಗಿ ಹತ್ತಿ ಗಂಟುಗಟ್ಟಿ ನಿಂತುಬಿಟ್ಟಿತು. ಅರ್ಧ ದಿನ ನೋಡುತ್ತ ಕೂತವಳಿಗೆ ನಡುವಿನ ಗಾಲಿಯೇ ಶತ್ರು ಎಂದು ಹೊಳೆಯಿತಂತೆ. ಅದನ್ನು ತೆಗೆದು ಎರಡನ್ನೇ ಹಲ್ಲಿಗೆ ಹಲ್ಲು ಕಚ್ಚಿಸಿದಳು. ಈಗ ಒಂದು ಈ ಕಡೆ, ಇನ್ನೊಂದು ಆ ಕಡೆ. ಅರಳೆ ಒಳಗೆ ಹೋಯಿತು, ಕಾಳು ಈಚೆ ಉಳಿಯಿತು. ಸಣ್ಣ ಚಿಟಿಕೆಯಷ್ಟೇ ಹತ್ತಿ ಕೊಡಬೇಕು, ಒಮ್ಮೊಮ್ಮೆ ಕಾಳು ಸಿಕ್ಕಿಕೊಂಡು ನಿಲ್ಲುತ್ತದೆ. ಆದರೂ ಕೆಲಸ ಮಾಡುತ್ತದೆ! ಓಣಿಯ ನಾಲ್ಕು ಮಂದಿ ಬಂದು ನೋಡಿ ಹೋದರು. ನಾನೂ ಹಿಡಿಕೆ ತಿರುಗಿಸಿ ಬಂದೆ.

ಅದನ್ನು ನೋಡಿ ತಮ್ಮನಿಗೆ ಪೆಟ್ಟಿಗೆಯ ನೆನಪಾಯಿತು. ಅವನಿಗೆ ಹೊಸ ಗಾಡಿ ಕಟ್ಟಬೇಕು, ಅದಕ್ಕೆ ಹಲ್ಲಿನ ಗಾಲಿ ಬೇಕು. ಅಳು ಶುರುವಾಯಿತು. ತಾಯಿ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು.

"ನೀ ಅಕ್ಕ ಇದ್ದೀ. ಅಂವಾ ಸಣ್ಣಾವ ಅದಾನ. ಬಿಚ್ಚಿ ಕೊಡವಾ."

"ಯವ್ವಾ, ಇನ್ನೂ ಆಯಿ ಬತ್ತಿ ಮುಗಿದಿಲ್ಲ."

"ಆಟಿಗಿ ಸಾಮಾನು, ಮತ್ತ ಮಾಡಿದ್ರಾತು. ಅದೇನು ಮನಿ ಬಿಚ್ಚಂದ್ನ್ಯಾ ನಿನಗ?"

ಈ ತೀರ್ಪಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಪೆಟ್ಟಿಗೆ ಹುಡುಗನದು, ಅವನ ಹೆಸರಿಗೆ ಬಂದದ್ದು. ಅವನು ಕೇಳುತ್ತಿರುವುದು ತನ್ನದನ್ನೇ. ಆದರೆ ಪೆಟ್ಟಿಗೆಯೊಳಗೆ ಹತ್ತಿ ಬಿಡಿಸುವ ಯಂತ್ರ ಇರಲಿಲ್ಲವಲ್ಲ? ಅದು ಹುಡುಗಿಯ ತಲೆಯಿಂದ ಬಂತು. ರಾಮದುರ್ಗ, ಸುರೇಬಾನದ ನೇಕಾರ ಮನೆಗಳಲ್ಲಿ ಈ ಪ್ರಶ್ನೆ ತಲೆಮಾರುಗಳಿಂದ ಇದೆ. ನೂಲು ಸಾವಕಾರನದು, ಮಗ್ಗದಲ್ಲಿ ಕೂತ ಕಾಲು, ಕೈ, ಕಣ್ಣು ನೇಕಾರನವು, ಕಂಡಿಕೆ ಸುತ್ತಿದ್ದು ಅವನ ಹೆಂಡತಿ. ಸೀರೆ ಯಾರದು? ಲೆಕ್ಕದ ಪುಸ್ತಕದಲ್ಲಿ ಸಾವಕಾರನದು, ಸಂಶಯವಿಲ್ಲ, ಕೊಟ್ಟದ್ದು ಮಜೂರಿ. ಆದರೆ ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ನನ್ನ ನೂಲು ಕೊಡು ಎಂದು ಯಾವ ಸಾವಕಾರನೂ ಕೇಳುವುದಿಲ್ಲ. ಹಾಸು ಮುಗಿಯುವ ತನಕ ಕಾಯುತ್ತಾನೆ. ನೂಲಿನ ಒಡೆಯನಿಗೂ ಇರುವ ಈ ಸಣ್ಣ ಮರ್ಯಾದೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕೆಲಸಕ್ಕೆ ಯಾಕೆ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಉಪಯೋಗದ ಮಾತೆತ್ತಿ ಹುಡುಗಿಯ ಪರ ವಾದಿಸಬಹುದು. ಅವಳದು ಕೆಲಸದ ಯಂತ್ರ, ಅವನದು ಬರೀ ಗಾಡಿ ಎಂದು. ಯುರೋಪಿನ ಅಂಡೋರಾ ಎಂಬ ಪುಟ್ಟ ದೇಶದಲ್ಲಿ ಡೇವಿಡ್ ಅಗಿಲಾರ್ ಎಂಬ ಹುಡುಗ ಬಲಗೈ ಪೂರ್ತಿ ಬೆಳೆಯದೆ ಹುಟ್ಟಿದವನು. ಒಂಬತ್ತು ವರ್ಷದವನಿದ್ದಾಗ ಲೆಗೊ ಇಟ್ಟಿಗೆಗಳಿಂದ ತನಗೊಂದು ಕೈ ಕಟ್ಟಿಕೊಳ್ಳಲು ನೋಡಿದ. 2017ರಲ್ಲಿ, ಹದಿನೆಂಟು ತುಂಬಿದಾಗ, ಆಟಿಕೆ ಹೆಲಿಕಾಪ್ಟರಿನ ಬಿಡಿಭಾಗಗಳಿಂದ ಮಡಚುವ, ಹಿಡಿಯುವ ಕೈಯನ್ನೇ ಕಟ್ಟಿದ. ಆ ಕೈಯನ್ನು ಬಿಚ್ಚು, ಹೆಲಿಕಾಪ್ಟರ್ ಮಾಡಬೇಕಾಗಿದೆ ಎಂದರೆ ಯಾರಿಗಾದರೂ ಕಸಿವಿಸಿಯಾದೀತು. ಹಾಗಾದರೆ ಉಪಯೋಗವಿದ್ದರೆ ಮಾತ್ರ ಉಳಿಸಿಕೊಳ್ಳುವ ಹಕ್ಕೇ? ಈ ವಾದ ನನಗೆ ಅಷ್ಟಾಗಿ ರುಚಿಸುವುದಿಲ್ಲ. ನಾಳೆ ಇದೇ ಹುಡುಗಿ ಬೆಳಕಿಗೆ ಹಿಡಿದರೆ ಗೋಡೆಯ ಮೇಲೆ ನೆರಳು ಕುಣಿಸುವ, ಯಾವ ಕೆಲಸಕ್ಕೂ ಬಾರದ ಯಂತ್ರ ಕಟ್ಟಿದರೆ? ಹೆಣ್ಣುಮಕ್ಕಳು ಮಾಡಿದ್ದಕ್ಕೆ ಯಾವಾಗಲೂ ಉಪಯೋಗದ ಸಾಕ್ಷಿ ಕೇಳುವುದು ನಮಗೆ ಚಾಳಿಯಾಗಿದೆ. ಹುಡುಗನ ಗಾಡಿಗೆ ಯಾರೂ ಉಪಯೋಗ ಕೇಳಲಿಲ್ಲ. ಗೂಗಲಿನ ಆ ಇಬ್ಬರು ಹುಡುಗರು 1996ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಓದುವಾಗ ಕಂಪ್ಯೂಟರಿನ ಹತ್ತು ಡಿಸ್ಕುಗಳನ್ನು ಇಡಲು ಆಟದ ಇಟ್ಟಿಗೆಗಳಿಂದಲೇ ಒಂದು ಗೂಡು ಕಟ್ಟಿದ್ದರು. ಒಂದೊಂದು ಡಿಸ್ಕು 4 ಗಿಗಾಬೈಟಿನದು; ಇಂದು ನಮ್ಮ ಕೈಲಿರುವ ಮೊಬೈಲೇ ಅವೆಲ್ಲಕ್ಕಿಂತ ಹೆಚ್ಚು ನುಂಗುತ್ತದೆ. ಉಪಯೋಗ ಎಂದೋ ಮುಗಿದ ಆ ಗೂಡನ್ನು ಅಲ್ಲಿ ಗಾಜಿನ ಹಿಂದೆ ಕಾಪಾಡಿ ಇಟ್ಟಿದ್ದಾರೆ. ಆ ಇಟ್ಟಿಗೆಗಳಿಂದ ಇನ್ನು ಯಾವ ಮಗುವೂ ಏನನ್ನೂ ಕಟ್ಟುವಂತಿಲ್ಲ. ಗೆದ್ದವರ ಆಟಿಕೆ ಸ್ಥಾವರವಾಗುತ್ತದೆ; ಉಳಿದವರಿಗೆ ಜಂಗಮದ ಉಪದೇಶ!

ಹೀಗೆ ಯೋಚಿಸುತ್ತ ನನಗೆ ಕಂಡದ್ದು ಇಷ್ಟು. ಬಿಡಿಭಾಗ ಯಾರದಾದರೂ ಇರಲಿ, ಉಪಯೋಗ ಇರಲಿ ಇಲ್ಲದಿರಲಿ, 'ಮುಗಿಯಿತು' ಎಂಬ ಮಾತು ಕಟ್ಟಿದವಳ ಬಾಯಿಂದ ಬರಬೇಕು. ಆಮೇಲೆ ಬಿಚ್ಚುವುದು ಅವಳಿಗೇ ಭಾರವಾಗುವುದಿಲ್ಲ. ಶುಭಂ ಬ್ಯಾನರ್ಜಿ ಹಲವು ಸಲ ಬಿಚ್ಚಿದ, ಯಾಕೆಂದರೆ ಇದು ಸರಿಯಿಲ್ಲ ಎಂದು ಅವನಿಗೇ ಕಂಡಿತ್ತು. ಹುಡುಗಿಯೂ ನಡುವಿನ ಗಾಲಿಯನ್ನು ತಾನೇ ಕಿತ್ತಳು. ಆ ಬಿಚ್ಚುವಿಕೆ ಕಟ್ಟುವುದರ ಇನ್ನೊಂದು ಮೈ. ಇನ್ನೊಬ್ಬರು ಹೊತ್ತಲ್ಲದ ಹೊತ್ತಿನಲ್ಲಿ ಬಿಚ್ಚಿಸಿದ್ದಕ್ಕೆ ಅದೇ ಹೆಸರು ಕೊಟ್ಟು ವೈರಾಗ್ಯದ ಬಣ್ಣ ಬಳಿಯಬಾರದು. ಕಿತ್ತೂರಿನ ಕೋಟೆಯೊಳಗೆ ಅಡ್ಡಾಡಿದವರು ಅರಮನೆಯ ಅಡಿಪಾಯಗಳನ್ನು, ಮುರುಕು ಗೋಡೆಗಳನ್ನು ನೋಡಿರುತ್ತಾರೆ. 1824ರ ಡಿಸೆಂಬರಿನಲ್ಲಿ ಬಿದ್ದ ಆ ಸಂಸ್ಥಾನದ ರಾಣಿಗೆ ಎಲ್ಲವೂ ನಶ್ವರ ಎಂದು ಯಾರಾದರೂ ಹೇಳಿದ್ದರೆ ಆಕೆ ಏನೆನ್ನುತ್ತಿದ್ದಳೋ. ನಮ್ಮ ಬೈಲಹೊಂಗಲದ ಸೆರೆಯಲ್ಲಿ ಆಕೆ 1829ರಲ್ಲಿ ತೀರಿಕೊಂಡಳು.

ಇದಕ್ಕಿಂತ ಸೂಕ್ಷ್ಮವಾದದ್ದು ತನ್ನ ಕೈಯಿಂದಲೇ, ಆದರೆ ಮನಸ್ಸಿಲ್ಲದೆ ಬಿಚ್ಚುವುದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಕಾಲದ ಮಾತನ್ನು ಆ ಕಡೆಯ ಅಜ್ಜಿಯೊಬ್ಬರು ನನಗೆ ಹೇಳಿದ್ದರು. 1970ರ ದಶಕದ ಶುರು. ನೀರು ಬರುತ್ತದೆಂದು ಗೊತ್ತಾದ ಮೇಲೆ ಜನ ತಮ್ಮ ಮನೆಗಳ ಬಾಗಿಲು, ಚೌಕಟ್ಟು, ತೊಲೆ, ಜಂತಿಗಳನ್ನು ತಾವೇ ಕಿತ್ತು ಚಕ್ಕಡಿಗೆ ಹೇರಿಕೊಂಡು ಹೊಸ ಜಾಗಕ್ಕೆ ಹೋದರು. ಅದೇ ಬಾಗಿಲು ಅಲ್ಲಿ ಮತ್ತೆ ನಿಂತಿತು. "ಬಾಗಲಾ ಅದ ಐತಿ, ಆದ್ರ ನಮ್ಮವ್ವ ಹೊಸ್ತಿಲಾ ದಾಟುವಾಗ ಒಮ್ಮೊಮ್ಮೆ ನಿಂತಬಿಡತಿದ್ಲು" ಎಂದಿದ್ದರು. ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ನೀರನ್ನು ಕುಡಿದೇ ನಾವು ಬದುಕಿದ್ದೇವೆ, ಆ ಕಾಲುವೆಗಳಿಂದಲೇ ಎಷ್ಟೋ ಹೊಲಗಳು ಹಸಿರಾಗಿವೆ. ಆದರೆ ಮತ್ತೆ ಕಟ್ಟಿದರಾಯಿತು ಎಂಬ ಮಾತು ಎಷ್ಟು ಸಲೀಸೋ ಅಷ್ಟು ಸಲೀಸಾಗಿ ಆ ಮನೆಗಳು ಮತ್ತೆ ಕಟ್ಟಿಕೊಳ್ಳಲಿಲ್ಲ.

ತಾಯಿಯ ಮಾತಿಗೆ ಬರೋಣ. ಆಕೆ ಕೆಟ್ಟವಳಲ್ಲ. ಮಗಳ ಯಂತ್ರವನ್ನು ಓಣಿಗೆಲ್ಲ ತೋರಿಸಿದವಳೂ ಆಕೆಯೇ. ನಾನು ಮೆಲ್ಲಗೆ, "ಆಕಿ ಇನ್ನೂ ಮುಗಿದಿಲ್ಲ ಅಂತಾಳಲ್ಲವಾ" ಎಂದೆ. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ನಾ ಎಷ್ಟು ಬಿಚ್ಚಿ ಕೊಟ್ಟೀನಿ ನಿಮಗೇನ ಗೊತ್ತ್ರೀ ಅಕ್ಕಾರ. ಬಿ.ಎ. ಎರಡನೇ ವರ್ಷದಾಗ ತಮ್ಮನ ಡಿಪ್ಲೊಮಾ ಫೀ ತುಂಬೋದಿತ್ತಂತ ನಂದು ಬಿಡಿಸಿದ್ರು. ಆಕೀನೂ ಈಗ ರೂಢಿ ಆಗ್ಲಿ. ಮುಂದ ತ್ರಾಸ ಆಗೂದಿಲ್ಲ."

ಇಷ್ಟು ಹೊತ್ತು ನಾನು ಇಟ್ಟಿಗೆಗಳ ಬಗ್ಗೆ ಮಾತಾಡುತ್ತಿದ್ದೆ ಅಂದುಕೊಂಡಿದ್ದೆ. ರೂಢಿ ಮಾಡಿಸುವುದೇ ಪ್ರೀತಿ ಎಂದು ಆಕೆ ನಂಬಿದ್ದಾಳೆ. ಬಿಸಿ ತಾಗಿದ ಕೈ ಮಗುವಿನ ಕೈಯನ್ನೂ ಬಿಸಿಗೆ ಒಗ್ಗಿಸುವಂತೆ. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಪಾಲು ಎಂದು ಕಾನೂನಾಯಿತು. ಆಮೇಲೆ ಏನಾಯಿತೆಂದು ನಮಗೆಲ್ಲ ಗೊತ್ತು. ಹಕ್ಕುಬಿಡುಗಡೆ ಪತ್ರಗಳು ಹೆಚ್ಚಿದವು. ಅಣ್ಣತಮ್ಮಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಸಹಿ ಮಾಡಿಸಿ, ಚಹಾ ಕುಡಿಸಿ, ಸೀರೆ ಕೊಟ್ಟು ಕಳಿಸುತ್ತಾರೆ. ಸಹಿ ಮಾಡಿದ ಎಲ್ಲರೂ ನೊಂದು ಮಾಡಿದ್ದಾರೆ ಎನ್ನಲಾರೆ. ತವರಿನ ಬಾಗಿಲು ತೆರೆದಿರಲಿ ಎಂದು, ತಮ್ಮ ಕಷ್ಟದಲ್ಲಿದ್ದಾನೆ ಎಂದು, ಪೂರ್ಣ ಮನಸ್ಸಿನಿಂದ ಕೊಟ್ಟವರನ್ನು ನಾನು ಬಲ್ಲೆ. ಅವರ ಮುಂದೆ ತಲೆಬಾಗುತ್ತೇನೆ. ಆದರೆ ತನ್ನದು ಎಂದು ಒಂದು ದಿನವಾದರೂ ಹಿಡಿದು ನೋಡಿದವಳು ಮಾತ್ರ ಕೊಡಬಲ್ಲಳು. ಹಿಡಿಯುವ ಮೊದಲೇ ಬೆರಳು ಬಿಡಿಸಿದರೆ ಅದಕ್ಕೆ ತ್ಯಾಗ ಎಂಬ ದೊಡ್ಡ ಹೆಸರು ಯಾಕೆ? ಆರನೆಯ ತರಗತಿಯಲ್ಲಿ 'ಅಕ್ಕ ಇದ್ದೀ, ಬಿಚ್ಚಿ ಕೊಡು' ಎಂದು ಕೇಳಿ ಕೇಳಿ ಬೆಳೆದ ಹುಡುಗಿಗೆ ಮೂವತ್ತನೆಯ ವಯಸ್ಸಿನಲ್ಲಿ ಆ ಕಾಗದವನ್ನು ಓದಿ ನೋಡಬೇಕು ಎಂಬುದೂ ಹೊಳೆಯಲಿಕ್ಕಿಲ್ಲ.

ತಮ್ಮನ ಬಗ್ಗೆಯೂ ಒಂದು ಮಾತು ಹೇಳಬೇಕು. ಅತ್ತರೆ ಸಿಗುತ್ತದೆ ಎಂದು ಕಲಿಯುವುದರಿಂದ ಅವನಿಗೂ ನಷ್ಟವೇ. ಇನ್ನೊಬ್ಬರ ಕೆಲಸದ ಎದುರು ಕಾಯುವುದು ಒಂದು ವಿದ್ಯೆ. ನಮ್ಮ ಗಂಡುಮಕ್ಕಳಿಗೆ ಅದನ್ನು ಕಲಿಸದೆ ಸೊಸೆಯ ಕೈಗೆ ಒಪ್ಪಿಸುತ್ತೇವೆ. ಮುಂದಿನದ್ದನ್ನು ಆ ಸೊಸೆ ಅನುಭವಿಸುತ್ತಾಳೆ.

ಕೊನೆಗೆ ನ್ಯಾಯ ಹೇಳಿದವರು ಆಯಿ. ನನ್ನ ತತ್ತ್ವವೇನೂ ಅವರಿಗೆ ಬೇಕಾಗಿರಲಿಲ್ಲ. "ಚೀಲದಾಗಿನ ಹತ್ತಿ ತೀರೂ ಮಟ ಅದು ನಂದು. ಯಾರೂ ಮುಟ್ಟಬ್ಯಾಡ್ರಿ" ಎಂದುಬಿಟ್ಟರು. ಮುದುಕಿಯ ಬತ್ತಿಗೆ ಇರುವ ಮರ್ಯಾದೆ ಹುಡುಗಿಯ ಯಂತ್ರಕ್ಕೆ ಇಲ್ಲವಲ್ಲ ಎಂದು ನನಗೆ ಅನ್ನಿಸಿತು; ಆದರೂ ಸಿಕ್ಕ ನ್ಯಾಯವನ್ನು ಯಾಕೆ ಬಿಡಬೇಕು? ತಮ್ಮ ಮೊದಲೆರಡು ದಿನ ಮುಖ ಊದಿಸಿಕೊಂಡಿದ್ದ. ಹತ್ತಿ ಬೇಗ ತೀರಲಿ ಎಂಬ ಆಸೆಯಿಂದ ಆಮೇಲೆ ತಾನೇ ಹಿಡಿಕೆ ತಿರುಗಿಸಲು ಕೂತ. ಹನ್ನೊಂದನೆಯ ದಿನಕ್ಕೆ ಚೀಲ ಬರಿದಾಯಿತು. ಹುಡುಗಿ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಯಾವ ಇಟ್ಟಿಗೆಯ ಮೇಲೆ ಯಾವುದು ಎಂದು ಚಿತ್ರ ಬರೆದುಕೊಂಡು, ರಾತ್ರಿ ಊಟಕ್ಕೆ ಮೊದಲು ತಾನೇ ಬಿಚ್ಚಿದಳು. ಬಣ್ಣಕ್ಕೊಂದು ಗುಂಪು ಮಾಡಿ ಪೆಟ್ಟಿಗೆ ತುಂಬಿ ತಮ್ಮನ ಮುಂದಿಟ್ಟಳು. ಅವಳ ಮುಖದಲ್ಲಿ ಹುತಾತ್ಮಳ ಕಳೆಯೇನೂ ಇರಲಿಲ್ಲ.

ಗೌರಿಹುಣ್ಣಿಮೆ ಹತ್ತಿರವಾದಂತೆ ಎದುರು ಮನೆಯವರು ತಮಗೂ ಸ್ವಲ್ಪ ಹತ್ತಿ ಬಿಡಿಸಿಕೊಡು ಎಂದು ಕೇಳಿದರು. ಹಲ್ಲಿನ ಗಾಲಿಗಳು ತಮ್ಮನ ಗಾಡಿಯಲ್ಲಿದ್ದವು. ಹುಡುಗಿ ನೋಟುಬುಕ್ಕು ತೆರೆದು, ಗಾಲಿಗಳ ಬದಲು ಎರಡು ಅಚ್ಚುಗಳಿಗೂ ಒಂದು ರಬ್ಬರ್ ಬ್ಯಾಂಡನ್ನು ನಡುವೆ ತಿರುವಿ, ಎಂಟರ ಅಂಕಿಯ ಹಾಗೆ ಹಾಕಿದಳು. ನೆಟ್ಟಗೆ ಹಾಕಿದರೆ ಅಚ್ಚುಗಳೆರಡೂ ಒಂದೇ ಕಡೆ ತಿರುಗುತ್ತವೆ, ತಿರುವಿ ಹಾಕಿದರೆ ಎದುರುಬದುರು ತಿರುಗುತ್ತವೆ. ಹತ್ತಿ ದಪ್ಪವಾದರೆ ಬ್ಯಾಂಡು ಜಾರುತ್ತಿತ್ತು, ಆದರೂ ನಡೆಯಿತು. ತಾಯಿ ನಿಂತು ನೋಡಿ ಬಹಳ ಖುಷಿಪಟ್ಟಳು. "ನೋಡ, ಗಾಲಿ ಇಲ್ಲದನೂ ಆತಲ್ಲ! ಹಂಗಾರ ಅವು ಅವನ ಕಡೇನ ಇರ್ಲಿ ಬಿಡು" ಎಂದಳು.

ಹುಡುಗಿ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಐತವಾರ ಮಟ ಇರ್ಲಿ. ಸೋಮವಾರ ನಂಗ ಬೇಕು" ಎಂದಳು.